ಕ್ಲೈಂಟ್ ಕೋಡ್: ಜನರೇಟರ್ ಬರೆಯಲೋ, ನಾವೇ ಬರೆಯೋಣವೋ?

ಸಾಲದ ಅರ್ಜಿಯೊಂದು ಬ್ಯಾಂಕಿನಲ್ಲಿ ಯಾರ ಮೇಜಿಗೆ ಹೋಗಬೇಕು, ಎಲ್ಲಿ ಸಿಬಿಲ್ ಸ್ಕೋರ್ ತರಿಸಬೇಕು, ಯಾವ ಹಂತದಲ್ಲಿ ಮ್ಯಾನೇಜರ್ ಒಪ್ಪಿಗೆ ಬೇಕು ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವುದು ವರ್ಕ್‌ಫ್ಲೋ ಸರ್ವರ್. ಅದಕ್ಕೆ ಅರ್ಜಿ ಒಪ್ಪಿಸುವ, ಮುಂದೇನು ಕೆಲಸ ಎಂದು ಕೇಳುವ, ಮುಗಿದದ್ದನ್ನು ತಿಳಿಸುವ ಪ್ರೋಗ್ರಾಂ ಅದರ ಕ್ಲೈಂಟ್. ಸರ್ವರ್ ತನ್ನ ವೆಬ್ ಸರ್ವೀಸ್‌ಗಳ ಪೂರ್ತಿ ವಿವರವನ್ನು ಒಂದು ಸ್ಪೆಕ್ ಫೈಲಿನಲ್ಲಿ ಕೊಟ್ಟಿರುತ್ತದೆ. ಆ ಫೈಲನ್ನು ಜನರೇಟರ್‌ಗೆ ತಿನ್ನಿಸಿದರೆ ಕೆಲವೇ ಕ್ಷಣಗಳಲ್ಲಿ ಕ್ಲೈಂಟ್ ಕೋಡ್ ಸಿದ್ಧ. ಅದನ್ನೇ ಬಳಸಬೇಕೋ, ಬೇಕಾದಷ್ಟನ್ನು ಕೈಯಾರೆ ಬರೆದುಕೊಳ್ಳಬೇಕೋ? ವಾದಕ್ಕೆ ಉದಾಹರಣೆಯಾಗಿ ನಮ್ಮಲ್ಲೂ ಸಾಕಷ್ಟು ಬಳಕೆಯಲ್ಲಿರುವ ಕಮುಂಡಾ 7 ಇರಲಿ. ಬರ್ಲಿನ್ನಿನ ಅದೇ ಹೆಸರಿನ ಕಂಪನಿ 2013ರಲ್ಲಿ ಆಕ್ಟಿವಿಟಿ ಎಂಬ ಎಂಜಿನ್ನಿನಿಂದ ಕವಲೊಡೆದು ಕಟ್ಟಿದ ಸರ್ವರ್ ಅದು.

ಪರ: ಜನರೇಟರ್ ಇರುವಾಗ ಕೈಬರಹ ಯಾಕೆ?

ಇದೇನು ಹೊಸ ಸಂಗತಿಯಲ್ಲ. ಸರ್ವೀಸಿಗೆ ಎಕ್ಸ್‌ಎಂಎಲ್‌ನಲ್ಲಿ ಸಂದೇಶ ಕಳಿಸುವ ಸೋಪ್ 1.1 ಬಂದದ್ದು 2000ದಲ್ಲಿ, ಸರ್ವೀಸನ್ನು ವಿವರಿಸುವ ಡಬ್ಲ್ಯೂಎಸ್‌ಡಿಎಲ್ 1.1 ಮರುವರ್ಷ. ಅಂದಿನಿಂದಲೂ ಎಂಟರ್‌ಪ್ರೈಸ್ ಲೋಕ ಸರ್ವೀಸನ್ನು ಕರೆಯುವ ಕೋಡನ್ನು, ಅಂದರೆ ಕ್ಲೈಂಟ್ ಸ್ಟಬ್‌ಗಳನ್ನು ಜನರೇಟ್ ಮಾಡಿಕೊಂಡೇ ಬಂದಿದೆ. ವರ್ಕ್‌ಫ್ಲೋ ವಿವರಿಸುವ ಬಿಪೆಲ್ ಭಾಷೆಯ ಸರ್ವರ್‌ಗಳ ಕಾಲದಲ್ಲಿ ಆ ಉದ್ದುದ್ದ ಎಕ್ಸ್‌ಎಂಎಲ್ ಲಕೋಟೆಯನ್ನು ಕೈಯಲ್ಲಿ ಕಟ್ಟುವವನನ್ನು ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಕಮುಂಡಾ ಕೂಡ 2020ರ 7.13ನೇ ಆವೃತ್ತಿಯಿಂದ ತನ್ನ ರೆಸ್ಟ್ ಎಪಿಐಗೆ ಓಪನ್‌ಎಪಿಐ ಸ್ಪೆಕ್ ಕೊಡುತ್ತಿದೆ. ಕೊಟ್ಟದ್ದು ಬಳಸಲೆಂದೇ ತಾನೆ?

ನಮ್ಮ ಮುಖ್ಯ ವಾದ ಕಂಪೈಲರಿನದು. ಫೀಲ್ಡಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಜನರೇಟ್ ಆದ ಕ್ಲಾಸ್ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಕೈಯಲ್ಲಿ ಜೇಸನ್ ಕಟ್ಟಿದರೆ ಆ ತಪ್ಪು ಟೆಸ್ಟಿಂಗಿನಲ್ಲಿ ಸಿಕ್ಕರೆ ಪುಣ್ಯ. ಸರ್ವರ್ ಅಪ್‌ಗ್ರೇಡ್ ಆದಾಗ ಹೊಸ ಸ್ಪೆಕ್‌ನಿಂದ ಮತ್ತೆ ಜನರೇಟ್ ಮಾಡಿ, ಹಳೆಯದರ ಪಕ್ಕ ಇಟ್ಟು ನೋಡಿದರೆ ಬದಲಾದದ್ದು ಕಣ್ಣಿಗೆ ಬೀಳುತ್ತದೆ. ಒಂದು ತಂಡ ಜಾವಾದಲ್ಲಿ, ಇನ್ನೊಂದು ಪೈಥಾನಿನಲ್ಲಿ ಇದ್ದರೂ ಎರಡಕ್ಕೂ ಮೂಲ ಒಂದೇ. ಇನ್ನು ಮುಂದಿನ ಪೀಳಿಗೆಯ ಕಮುಂಡಾ 8ರ ಜೀಬಿ ಎಂಜಿನ್ ಶುರುವಾದದ್ದೇ ದೂರದ ಸರ್ವರನ್ನು ಕರೆಯುವ ವ್ಯವಸ್ಥೆಯಾದ ಜಿಆರ್‌ಪಿಸಿ ಮೇಲೆ. ಅಲ್ಲಿ ಸ್ಟಬ್ ಜನರೇಟ್ ಮಾಡುವುದೇ ವಾಡಿಕೆ. ಕೈಬರಹದ ಹಟ ಎಷ್ಟು ದಿನ?

ವಿರೋಧ: ಕಷ್ಟವಿರುವುದು ಸ್ಪೆಕ್‌ನ ಆಚೆಗೆ

ಕಂಪೈಲರಿನಿಂದಲೇ ಶುರು ಮಾಡೋಣ. ಸಾಲದ ಮೊತ್ತ, ಅರ್ಜಿದಾರನ ಹೆಸರು ಇಂಥವೆಲ್ಲ ಕಮುಂಡಾಕ್ಕೆ ಪ್ರೋಸೆಸ್ ವೇರಿಯಬಲ್‌ಗಳು. ಪ್ರತಿಯೊಂದನ್ನೂ ಹೆಸರು, ಮೌಲ್ಯ, ಟೈಪ್ ಎಂದು ಒಂದು ಮ್ಯಾಪಿನಲ್ಲಿ ತುಂಬಿ ಕಳಿಸಬೇಕು. ನಿಮ್ಮ ಬ್ಯಾಂಕಿನ ವೇರಿಯಬಲ್ ಹೆಸರುಗಳು ಕಮುಂಡಾದ ಸ್ಪೆಕ್‌ಗೆ ಗೊತ್ತಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ‘ಲೋನ್ ಅಮೌಂಟ್’ ಎಂದು ಕಳಿಸಬೇಕಾದ ಕಡೆ ‘ಲೋನ್ ಅಮ್ಟ್’ ಎಂದು ಕಳಿಸಿದರೆ ಕಂಪೈಲರ್ ಚಕಾರವೆತ್ತುವುದಿಲ್ಲ, ಸರ್ವರ್ ಕೂಡ ಅರ್ಜಿಯನ್ನು ಖುಷಿಯಿಂದ ತೆಗೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ಮ್ಯಾನೇಜರ್ ‘ಮಂಜೂರು’ ಒತ್ತಿದಾಗ ಪ್ರೋಸೆಸ್ ದಾರಿ ಕವಲೊಡೆಯುವ ಮುಂದಿನ ಗೇಟ್‌ವೇಗೆ ಬಂದು, ಮೊತ್ತ ಎಷ್ಟೆಂದು ಹುಡುಕಿ, ಆ ಹೆಸರಿನ ವೇರಿಯಬಲ್ಲೇ ಇಲ್ಲವೆಂದು ಎರರ್ ಕೊಡುತ್ತದೆ. ಆ ವ್ಯವಹಾರ ಪೂರ್ತಿ ರೋಲ್‌ಬ್ಯಾಕ್ ಆಗಿ ಅರ್ಜಿ ಮತ್ತೆ ಮ್ಯಾನೇಜರ್ ಮೇಜಿನಲ್ಲೇ ಕೂರುತ್ತದೆ. ಆತ ಎಷ್ಟು ಸಲ ಒತ್ತಿದರೂ ಅದೇ ಕಥೆ. ತಪ್ಪು ಮಾಡಿದ ಕ್ಲೈಂಟ್ ಒಂದು ಕಡೆ, ಬೈಗುಳ ತಿನ್ನುವವರು ಇನ್ನೊಂದು ಕಡೆ.

ಸ್ಪೆಕ್ ಮತ್ತು ಸರ್ವರ್ ಒಂದೇ ಮಾತಾಡುತ್ತವೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಓಪನ್‌ಎಪಿಐ ನಿಯಮದ ಪ್ರಕಾರ ಸಮಯ ಬರೆಯುವಾಗ ಟೈಮ್‌ಜೋನಿನಲ್ಲಿ ಕೋಲನ್ ಇರಲೇಬೇಕು, ನಮ್ಮ ಭಾರತೀಯ ಕಾಲಮಾನ +05:30 ಎಂದಾಗಬೇಕು. ಕಮುಂಡಾ 7 ತನ್ನ ಡೀಫಾಲ್ಟ್ ನಮೂನೆಯಲ್ಲಿ ಕಳಿಸುವುದು +0530. ಜನರೇಟ್ ಆದ ಜಾವಾ ಕ್ಲೈಂಟ್ ಅದನ್ನು ಓದಲಾಗದೆ ಎಕ್ಸೆಪ್ಶನ್ ಎಸೆದು ಮಲಗುತ್ತದೆ. ಒಂದು ಸೆಟ್ಟಿಂಗಿನಿಂದ ಸರಿಹೋಗುವಂಥದ್ದೇ, ಒಪ್ಪಿದೆ. ಆದರೆ ಆ ಒಂದು ಕೋಲನ್ ಪತ್ತೆ ಹಚ್ಚಲು ನೀವು ಬರೆಯದ ಸಾವಿರಾರು ಸಾಲು ಕೋಡಿನೊಳಗೆ ಇಳಿಯಬೇಕು.

ಅಷ್ಟಕ್ಕೂ ನಮಗೆ ಬೇಕಾದದ್ದೆಷ್ಟು? ಪ್ರೋಸೆಸ್ ಶುರು ಮಾಡುವುದು, ಕೆಲಸವನ್ನು ಲಾಕ್ ಮಾಡಿ ತೆಗೆದುಕೊಳ್ಳುವುದು, ಮುಗಿಯಿತೆಂದೋ ಕೆಟ್ಟಿತೆಂದೋ ಹೇಳುವುದು, ಮೆಸೇಜ್ ತಲುಪಿಸುವುದು. ಕೈಬೆರಳಲ್ಲಿ ಎಣಿಸುವಷ್ಟು ಕರೆಗಳು. ನಿದ್ದೆಗೆಡಿಸುವುದು ಬೇರೆ. ಅರ್ಜಿ ಕಳಿಸಿದಿರಿ, ಟೈಮ್‌ಔಟ್ ಆಯಿತು. ಸರ್ವರಿನಲ್ಲಿ ಪ್ರೋಸೆಸ್ ಶುರುವಾಗಿದೆಯೋ ಇಲ್ಲವೋ? ಕ್ಲೈಂಟ್ ಸುಮ್ಮನೆ ರಿಟ್ರೈ ಮಾಡಿದರೆ ಒಂದೇ ಸಾಲಕ್ಕೆ ಎರಡು ಪ್ರೋಸೆಸ್ ಹುಟ್ಟುತ್ತವೆ, ಏಕೆಂದರೆ ಕಮುಂಡಾ ತಾನಾಗಿ ಅರ್ಜಿಯನ್ನು ಗುರುತಿಸುವ ಬಿಸಿನೆಸ್ ಕೀ ಪ್ರತಿ ಪ್ರೋಸೆಸ್ಸಿಗೂ ಬೇರೆಯೇ ಇರಬೇಕೆಂದು ಒತ್ತಾಯಿಸುವುದಿಲ್ಲ. ಲಾಕ್ ಅವಧಿ 10,000 ಮಿಲಿಸೆಕೆಂಡ್ ಎಂದು ಕೊಟ್ಟು, ಸಿಬಿಲ್ ಸ್ಕೋರ್ ಬರಲು 15 ಸೆಕೆಂಡ್ ಹಿಡಿದರೆ, ಲಾಕ್ ಬಿಟ್ಟುಹೋಗಿ ಇನ್ನೊಂದು ವರ್ಕರ್, ಅಂದರೆ ಕೆಲಸ ಎತ್ತಿಕೊಳ್ಳುವ ಬೇರೊಂದು ಕ್ಲೈಂಟ್, ಅದೇ ಕೆಲಸಕ್ಕೆ ಕೈಹಾಕುತ್ತದೆ. ಇವುಗಳಿಗೆ ಉತ್ತರ ಯಾವ ಜನರೇಟರ್ ಕೊಟ್ಟಿದೆ?

ಇನ್ನು ಉಪಕರಣದ ಆಯುಷ್ಯ. ಡಬ್ಲ್ಯೂಎಸ್‌ಡಿಎಲ್‌ನಿಂದ ಜಾವಾ ಸ್ಟಬ್ ತಯಾರಿಸುವ ಡಬ್ಲ್ಯೂಎಸ್‌ಇಂಪೋರ್ಟ್ ಎಷ್ಟೋ ವರ್ಷ ಜೆಡಿಕೆ ಜೊತೆಗೇ ಬರುತ್ತಿತ್ತು. 2018ರ ಜಾವಾ 11ರಲ್ಲಿ ಅದನ್ನು ತೆಗೆದುಹಾಕಿದರು. ಅದನ್ನೇ ನೆಚ್ಚಿದ್ದ ತಂಡಗಳು ಬೇರೆ ಲೈಬ್ರರಿ ಜೋಡಿಸಿಕೊಂಡು ಬಿಲ್ಡ್ ಸರಿಪಡಿಸಬೇಕಾಯಿತು.

ಪರದವರ ಮರುಮಾತು

ರಿಟ್ರೈ, ಲಾಕ್ ಎಲ್ಲ ಕೈಬರಹದ ಕ್ಲೈಂಟಿಗೂ ಇರುವ ತಲೆನೋವೇ, ಅದನ್ನು ನಮ್ಮ ಮೇಲೆ ಹೊರಿಸಬೇಡಿ. ಜನರೇಟ್ ಆದ ಕೋಡಿನ ಮೇಲೆ ನಿಮ್ಮದೊಂದು ತೆಳು ಪದರ ಹಾಕಿಕೊಳ್ಳಿ, ರಿಟ್ರೈ ವಿವೇಕ ಅಲ್ಲಿರಲಿ. ಬೇಡ ಎಂದವರು ಯಾರು?

ತೀರ್ಪು

ಈ ಮರುಮಾತಿನಲ್ಲೇ ಪರದವರು ಅರ್ಧ ಸೋತಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ. ಆ ತೆಳು ಪದರವೇ ನಿಜವಾದ ಕ್ಲೈಂಟ್. ಅದರ ಕೆಳಗೆ ಜನರೇಟರ್ ಇದ್ದರೂ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ಐದಾರು ಕರೆ ಮಾತ್ರ ಇರುವ ಕಡೆ ನಾನು ಕೈಬರಹಕ್ಕೇ ಮತ ಹಾಕುತ್ತೇನೆ. ಸರ್ವರಿನ ಇಡೀ ಆಡಳಿತ ಪರದೆಯನ್ನೇ ಹೊಸದಾಗಿ ಕಟ್ಟುವವರು ಧಾರಾಳವಾಗಿ ಜನರೇಟ್ ಮಾಡಿಕೊಳ್ಳಲಿ. ಕಮುಂಡಾ 7ರ ಸಮುದಾಯ ಆವೃತ್ತಿ 2025ರ ಅಕ್ಟೋಬರಿನ 7.24ಕ್ಕೆ ನಿಂತಿದೆ, 8ರ ಎಪಿಐ ಬೇರೆಯೇ. ಅತ್ತ ಹೊರಟಿರುವವರು ಮೊದಲು ತಮ್ಮ ಕೋಡಿನಲ್ಲಿ ಜನರೇಟ್ ಆದ ಕ್ಲಾಸ್‌ಗಳ ಹೆಸರು ಎಷ್ಟು ಫೈಲುಗಳಲ್ಲಿ ಹರಡಿದೆ ಎಂದು ಒಂದು ಸರ್ಚ್ ಹಾಕಿ ನೋಡಿ. ವಲಸೆಗೆ ಎಷ್ಟು ತಿಂಗಳು ಕೇಳಬೇಕೆಂಬ ಅಂದಾಜು ಅಲ್ಲೇ ಸಿಗುತ್ತದೆ.