ಬಾಲಿ ನೋಡಿದ್ರಿ ಸರಿ, ಇಂಡೋನೇಷ್ಯಾ ಯಾವಾಗ?

ನಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ಹೋದ ತಿಂಗಳು ಹೊಸ ಹೆಸರು ಬಂತು: ‘ಇಂಡೋನೇಷ್ಯಾ ಗ್ಯಾಂಗ್’. ಮಾರನೇ ದಿನವೇ ಎಕ್ಸೆಲ್ ಶೀಟು ತಯಾರು. ಐದು ರಾತ್ರಿ, ಆರು ಹಗಲು. ಮೊದಲ ದಿನ ಕುಟಾ ಬೀಚು, ಎರಡನೇ ದಿನ ಉಬುದ್‌ನಲ್ಲಿ ಉಯ್ಯಾಲೆ ಮೇಲೆ ಕೂತು ಫೋಟೊ, ಆಮೇಲೆ ನುಸಾ ಪೆನಿಡಾ, ವಾಟರ್ ಸ್ಪೋರ್ಟ್ಸು, ಶಾಪಿಂಗು. ಪ್ರತಿ ರಾತ್ರಿ ತಪ್ಪದೇ ‘ಇಂಡಿಯನ್ ಡಿನ್ನರ್’. ನಾನು ಒಂದೇ ಸಾಲು ಹಾಕಿದೆ: “ಗುಂಪಿನ ಹೆಸರು ಬದಲಾಯಿಸ್ರಪ್ಪಾ, ಇದು ಬಾಲಿ ಗ್ಯಾಂಗ್.” ಅಷ್ಟಕ್ಕೇ ಜಗಳ ಶುರುವಾಯ್ತು. ಅಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂದಿದ್ದರಿಂದ ಉಳಿದಿದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಲೆಕ್ಕ. ಬಾಲಿ ನಮ್ಮ ಹಾಸನ ಜಿಲ್ಲೆಗಿಂತ ಚಿಕ್ಕದು. ಇಂಡೋನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ, 700ಕ್ಕೂ ಹೆಚ್ಚು ಭಾಷೆಗಳಿವೆ. ಪಶ್ಚಿಮದ ಸಬಾಂಗ್‌ನಿಂದ ಪೂರ್ವದ ಮೆರಾಉಕೆಗೆ 5,000 ಕಿಲೋಮೀಟರಿಗೂ ಜಾಸ್ತಿ ದೂರ, ನಡುವೆ ಮೂರು ಸಮಯ ವಲಯ. ಜಕಾರ್ತಾದಲ್ಲಿ ವಿಮಾನ ಹತ್ತಿ ಪಪುವಾದ ಜಯಪುರದಲ್ಲಿ ಇಳಿಯೋಕೆ ಸುಮಾರು ಐದು ಗಂಟೆ ಬೇಕು, ಅದೂ ದೇಶದೊಳಗೇ. ನೂರು ಜನ ಇಂಡೋನೇಷ್ಯನ್ನರನ್ನು ನಿಲ್ಲಿಸಿದ್ರೆ ಬಾಲಿಯವರು ಇಬ್ಬರೂ ಸಿಗಲ್ಲ. ಇಮಿಗ್ರೇಷನ್‌ನಲ್ಲಿ ಐದು ಲಕ್ಷ ರುಪಾಯ (ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದೊಳಗೆ) ಕಟ್ಟಿದ್ರೆ ಸಿಗೋ ಮೂವತ್ತು ದಿನದ ವೀಸಾ ಇಡೀ ದೇಶಕ್ಕೆ. ನಾವು ಅದನ್ನು ಹಾಸನ ಜಿಲ್ಲೆಗಿಂತ ಚಿಕ್ಕ ಜಾಗದಲ್ಲಿ ಖರ್ಚು ಮಾಡಿ ಬಂದು ‘ಇಂಡೋನೇಷ್ಯಾ ಮುಗೀತು’ ಅಂತ ಮ್ಯಾಪ್ ಮೇಲೆ ಪಿನ್ನು ಚುಚ್ಚುತ್ತೀವಿ.

ನಾನೇನೂ ಸಾಚಾ ಅಲ್ಲ. ಮದುವೆಯಾದ ಹೊಸದರಲ್ಲಿ ಇದೇ ಪ್ಯಾಕೇಜಿನಲ್ಲಿ ಹೋಗಿ ಇದೇ ಉಯ್ಯಾಲೆ ಮೇಲೆ ಕೂತು ಬಂದವನು. ಆಮೇಲೊಂದು ದಿನ ಆಫೀಸಿನ ಕಾಲ್‌ನಲ್ಲಿ ಜಕಾರ್ತಾದ ಟೀಮಿನವರೊಬ್ಬರು ನನಗೆ “ನಮಸ್ತೆ, ಆಪ್ ಕೈಸೆ ಹೈ?” ಅಂದರು. ಪಾಪ, ಸ್ನೇಹದಿಂದ ಕಲಿತು ಹೇಳಿದ್ದು. ನಾನು ಬಿಡ್ತೀನಾ? ನನ್ನ ಭಾಷೆ ಕನ್ನಡ, ಹಿಂದಿ ಬೇರೆ, ಬಾಲಿವುಡ್ ನಮ್ಮದಲ್ಲ, ಇಂಡಿಯಾ ಅಂದ್ರೆ ತಾಜ್‌ಮಹಲ್ ಮಾತ್ರ ಅಲ್ಲ ಅಂತ ಹತ್ತು ನಿಮಿಷ ಕೊರೆದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ನಾನು ಉದಾರವಾಗಿ, “ನಿಮ್ಮ ದೇಶ ನೋಡಿದೀನಿ, ಬಾಲಿ ಸೂಪರ್” ಅಂದೆ. ಅವರು ನಗುತ್ತಾ, “ಹೌದಾ? ನಾನಿನ್ನೂ ಬಾಲಿ ನೋಡಿಲ್ಲ. ನಮ್ಮೂರು ಬುಕಿತ್ತಿಂಗಿ, ಸುಮಾತ್ರಾದಲ್ಲಿ” ಅಂದರು. ಕ್ಯಾಮೆರಾ ಆಫ್ ಮಾಡಿಕೊಳ್ಳಬೇಕು ಅನ್ನಿಸಿತು. ‘ಮದ್ರಾಸಿನಾ?’ ಅಂತ ಯಾರಾದ್ರೂ ಕೇಳಿದ್ರೆ ಮೈಯೆಲ್ಲಾ ಉರಿಸಿಕೊಳ್ಳೋ ನಾವು, ಬೇರೆಯವರ ದೇಶಕ್ಕೆ ಹೋಗುವಾಗ ಮಾಡ್ತಿರೋದು ಅದನ್ನೇ.

ಗುಂಪಿನಲ್ಲಿ ಬಂದ ಮೊದಲ ವಾದ: “ಬಾಲಿ ಹಿಂದೂಗಳ ದ್ವೀಪ ಗುರು, ನಮಗೆ ಹತ್ತಿರ. ಉಳಿದಿದ್ದೆಲ್ಲಾ ಮುಸ್ಲಿಂ ದೇಶ, ನಮಗೇನಿದೆ ಅಲ್ಲಿ?” ಹತ್ತಿರದ್ದನ್ನೇ ನೋಡೋದಾದ್ರೆ ವಿದೇಶಕ್ಕೆ ಯಾಕೆ ಹೋಗಬೇಕು ಅನ್ನೋ ಪ್ರಶ್ನೆ ಪಕ್ಕಕ್ಕಿಡೋಣ. ಈ ವಾದ ಅದರದೇ ಲೆಕ್ಕದಲ್ಲೂ ನಿಲ್ಲಲ್ಲ. ಜಾವಾದ ಯೋಗ್ಯಕರ್ತಾ ಪಕ್ಕದಲ್ಲಿ ಪ್ರಂಬನಾನ್ ಇದೆ, 9ನೇ ಶತಮಾನದ ಶಿವ ದೇವಾಲಯ. ಮಳೆ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಬಯಲು ರಂಗದ ಮೇಲೆ ರಾಮಾಯಣ ನೃತ್ಯನಾಟಕ ನಡೆಯುತ್ತೆ, ಹಿಂದುಗಡೆ ದೀಪದ ಬೆಳಕಲ್ಲಿ ಗೋಪುರಗಳು. 1961ರಿಂದ ನಡೀತಿರೋ ಆಟ. ಕಲಾವಿದರಲ್ಲಿ ಹೆಚ್ಚಿನವರು ಮುಸ್ಲಿಮರು. ಅವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲ್ಲ, ನಮಗೆ ಮಾತ್ರ ಕಾಣುತ್ತೆ.

ಇನ್ನು ಅವರ ತೊಗಲುಗೊಂಬೆ, ವಯಾಂಗ್ ಕುಲಿತ್. ಪರದೆ ಹಿಂದೆ ದಾಲಾಂಗ್ ಅನ್ನೋ ಒಬ್ಬನೇ ಮನುಷ್ಯ ಕೂತು ರಾತ್ರಿಯಿಡೀ ಎಲ್ಲ ಪಾತ್ರಗಳ ಮಾತನ್ನೂ ಆಡ್ತಾನೆ, ಗೊಂಬೆಗಳನ್ನೂ ಆಡಿಸ್ತಾನೆ, ಗಮೆಲಾನ್ ವಾದ್ಯದವರಿಗೆ ಸನ್ನೆಯನ್ನೂ ಕೊಡ್ತಾನೆ. ಕಥೆ ಮಹಾಭಾರತದ್ದು. ಆದ್ರೆ ಅರ್ಜುನನ ಪಕ್ಕದಲ್ಲಿ ನಮ್ಮ ಯಾವ ಮಹಾಭಾರತದಲ್ಲೂ ಇಲ್ಲದ ಡೊಳ್ಳುಹೊಟ್ಟೆಯ ಸೆಮಾರ್ ನಿಂತಿರ್ತಾನೆ. ನೋಡೋಕೆ ಸೇವಕ, ಅಸಲಿಗೆ ದೇವರು. ಅವನೂ ಅವನ ಮೂವರು ಮಕ್ಕಳೂ ಮಧ್ಯರಾತ್ರಿ ಹೊತ್ತಿಗೆ ಬಂದು ಜನರನ್ನು ನಗಿಸ್ತಾರೆ, ದೊಡ್ಡವರ ಕಾಲೆಳೀತಾರೆ, ಇವತ್ತಿನ ರಾಜಕೀಯಾನೂ ಎಳೆದು ತರ್ತಾರೆ. ಯಕ್ಷಗಾನದ ಹಾಸ್ಯಗಾರನನ್ನೋ ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನೋ ನೋಡಿದವರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ಒಂದು ಪದ ಜಾವಾ ಭಾಷೆ ಬರದೆ ನಾನು ರಾತ್ರಿ ಒಂದೂವರೆವರೆಗೆ ಕೂತಿದ್ದೆ. ಹತ್ತಿರ ಅನ್ನೋದು ಹೀಗೂ ಇರುತ್ತೆ.

‘ಮುಸ್ಲಿಂ ದೇಶ’ ಅನ್ನೋ ಒಂದೇ ಚೀಟಿ ಅಂಟಿಸೋದೂ ಇದೇ ಸೋಮಾರಿತನ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರೋ ದೇಶ, ನಿಜ. ಅಚೆಹ್‌ನಲ್ಲಿ ಶರಿಯಾ ಕಾನೂನಿದೆ, ಫ್ಲೋರೆಸ್‌ನಲ್ಲಿ ಬಹುತೇಕರು ಕ್ಯಾಥೊಲಿಕರು, ತೊರಾಜಾದಲ್ಲಿ ಕ್ರೈಸ್ತರು. ಆ ಬುಕಿತ್ತಿಂಗಿಯವರ ಮಿನಾಂಗ್‌ಕಬಾಉ ಸಮುದಾಯ ನೋಡಿ: ಕಟ್ಟಾ ಮುಸ್ಲಿಮರು, ಆದ್ರೆ ವಂಶ ನಡೆಯೋದು ತಾಯಿಯಿಂದ. ಪಿತ್ರಾರ್ಜಿತ ಅನ್ನೋ ಹಾಗೇ ಇಲ್ಲ, ಮನೆ-ಗದ್ದೆ ತಾಯಿಯಿಂದ ಹೆಣ್ಣುಮಕ್ಕಳಿಗೆ. ಸೋದರಮಾವನ ಮಾತಿಗೆ ಅಪ್ಪನ ಮಾತಿಗಿಂತ ತೂಕ ಇರೋ ಸಂದರ್ಭಗಳಿವೆ. ಮಂಗಳೂರು ಕಡೆಯ ನನ್ನ ಹೆಂಡತಿಗೆ ಇದನ್ನು ವಿವರಿಸೋಕೆ ಹೊರಟ್ರೆ, “ಅಳಿಯಕಟ್ಟು ಅಂತ ಹೇಳಿ, ಸುಮ್ಮನೆ ಸುತ್ತಬೇಡಿ” ಅಂದಳು. ಪೂರ್ತಿ ಒಂದೇ ಅಲ್ಲ. ಇಲ್ಲಿ ಆಸ್ತಿಯ ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಲ್ಲಿ ಮಗಳಿಗೆ. ಆದ್ರೂ ಈ ಮಾತುಕತೆ ಉಯ್ಯಾಲೆ ಮೇಲೆ ಕೂತವನಿಗೆ ಸಿಗಲ್ಲ ತಾನೇ?

ಎರಡನೇ ವಾದ ಗಟ್ಟಿಯಾದದ್ದು, ಒಪ್ಪಿಕೊಳ್ತೀನಿ. ವರ್ಷಕ್ಕೊಂದು ಸಲ ಕಷ್ಟಪಟ್ಟು ಸಿಗೋ ಒಂದು ವಾರದ ಲೀವು. ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಬೇರೆ ಶುರುವಾಯ್ತು. ಸರಿ, ಹಾಗಾದ್ರೆ ನಾನು ಹೇಳ್ತಿರೋದು 17,000 ದ್ವೀಪ ಸುತ್ತಿ ಅಂತಲ್ಲ. ಒಂದು ವಾರಕ್ಕೆ ಒಂದು ದ್ವೀಪ ಸಾಕು, ಅದು ಬಾಲಿಯೇ ಆಗಬೇಕಿಲ್ಲ. ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಸೀದಾ ಯೋಗ್ಯಕರ್ತಾದಲ್ಲಿ ಇಳೀರಿ. ಬೊರೊಬುದುರ್‌ಗೆ ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಸ್ತೂಪದ ಮೇಲೆ ಹತ್ತೋಕೆ ಬೇರೆ ಟಿಕೆಟ್ಟು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಬುಕ್ ಮಾಡದಿದ್ರೆ ಕೆಳಗಿಂದ ನೋಡಿ ಬರಬೇಕಾಗುತ್ತೆ. ಅಲ್ಲಿಂದ ರೈಲು. ಜಾವಾದ ರೈಲುಗಳು ಸಮಯಕ್ಕೆ ಹೊರಡ್ತವೆ, ಕಿಟಕಿ ತುಂಬಾ ಗದ್ದೆ ಮತ್ತು ಜ್ವಾಲಾಮುಖಿ. ದ್ವೀಪದ ಪೂರ್ವದ ತುದಿ ಕೆತಾಪಾಂಗ್‌ವರೆಗೂ ರೈಲಿದೆ, ಅಲ್ಲಿ ಫೆರಿ ಹತ್ತಿದ್ರೆ ಒಂದು ಗಂಟೆ ಆಸುಪಾಸಿನಲ್ಲಿ ಆಚೆ ದಡ. ಇಳಿದ ಮೇಲೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ, ಯಾಕಂದ್ರೆ ಆ ದಡವೇ ನಿಮ್ಮ ಬಾಲಿ. ಎರಡು ದಿನ ಉಯ್ಯಾಲೆ ಆಡಿ ನೇರ ವಿಮಾನದಲ್ಲೇ ಮನೆಗೆ ಬನ್ನಿ, ಯಾರು ಬೇಡ ಅಂದ್ರು?

ತಾರೀಕು ಹಾಕುವಾಗ ನಮ್ಮ ಕ್ಯಾಲೆಂಡರ್ ಮಾತ್ರ ನೋಡಿದ್ರೆ ಸಾಲದು. ಈದ್ ಆಸುಪಾಸಿನಲ್ಲಿ ಇಡೀ ಜಾವಾ ಊರಿಗೆ ಹೊರಡುತ್ತೆ, ‘ಮುದಿಕ್’ ಅಂತಾರೆ. ದೀಪಾವಳಿಗೆ ಬೆಂಗಳೂರು ಖಾಲಿ ಆಗೋದನ್ನ ನೂರು ಪಟ್ಟು ಮಾಡಿಕೊಳ್ಳಿ, ರೈಲಿನಲ್ಲಿ ಒಂದು ಸೀಟೂ ಸಿಗಲ್ಲ. ಯುಗಾದಿ ಹತ್ತಿರ ಬಾಲಿಯ ‘ನ್ಯೆಪಿ’ ಬರುತ್ತೆ, ಮೌನದ ದಿನ. ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಡಿಸೆಂಬರ್ ರಜೆಗೆ ಹೋದವರು ಮಳೆಯಲ್ಲಿ ನೆಂದು ಬರ್ತಾರೆ. ಮೇಯಿಂದ ಸೆಪ್ಟೆಂಬರ್ ಒಳ್ಳೇದು.

ಊಟ? ಸಸ್ಯಾಹಾರಿಗಳು ಉಪವಾಸ ಬೀಳ್ತಾರೆ ಅನ್ನೋದು ಸುಳ್ಳು, ಎಚ್ಚರ ಇರಬೇಕು ಅನ್ನೋದು ನಿಜ. ತೆಂಪೆ, ತೋಫು ಬೀದಿಬೀದಿಯಲ್ಲಿ ಸಿಗುತ್ತೆ. ಯೋಗ್ಯಕರ್ತಾದ ಗುದೆಗ್ ಅಂದ್ರೆ ಎಳೆ ಹಲಸಿನಕಾಯಿ, ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿದ್ದು. ಜೊತೆಗೆ ಬಡಿಸೋ ‘ಕ್ರೆಚೆಕ್’ ದನದ ಚರ್ಮದ್ದು, ಬೇಡ ಅನ್ನಿ. ಸಂಬಾಲ್‌ನಲ್ಲಿ ಸಿಗಡಿಯ ‘ತೆರಾಸಿ’ ಇರುತ್ತೆ, ‘ತನ್ಪಾ ತೆರಾಸಿ’ ಅಂದ್ರೆ ತೆರಾಸಿ ಇಲ್ಲದ್ದು. ಭಾಷೆಗೂ ಹೆದರಬೇಡಿ: ಗುರು, ಭೂಮಿ, ಮನುಷ್ಯ, ರಾಜ ಎಲ್ಲಾ ಸ್ವಲ್ಪ ವೇಷ ಬದಲಿಸಿ ಅಲ್ಲೇ ಕೂತಿವೆ. ‘ಇಸ್ತ್ರಿ’ ಅಂತ ಯಾರಾದ್ರೂ ಕೇಳಿದ್ರೆ ಶರ್ಟು ತೆಗೆದುಕೊಡಬೇಡಿ, ಹೆಂಡತಿ ಬಗ್ಗೆ ಕೇಳ್ತಿದ್ದಾರೆ.

ಭಾಷೆ ಅಂದಾಗ ಇನ್ನೊಂದು. 1928ರಲ್ಲಿ, ಇನ್ನೂ ಡಚ್ಚರ ಆಳ್ವಿಕೆಯಲ್ಲಿದ್ದಾಗ, ಬೇರೆಬೇರೆ ದ್ವೀಪದ ಯುವಕರು ಸೇರಿ ಒಂದು ಪ್ರತಿಜ್ಞೆ ಮಾಡಿದ್ರು. ಸಾಮಾನ್ಯ ಭಾಷೆಯಾಗಿ ಒಪ್ಪಿದ್ದು ಮಲಯದಿಂದ ಬೆಳೆದ ಬಹಾಸಾ ಇಂಡೋನೇಷ್ಯಾವನ್ನು, ಅತಿ ಹೆಚ್ಚು ಜನ ಆಡೋ ಜಾವಾ ಭಾಷೆಯನ್ನಲ್ಲ. ಇದರಿಂದ ಸಣ್ಣ ಭಾಷೆಗಳಿಗೆ ಪೆಟ್ಟೇ ಬಿದ್ದಿಲ್ಲ ಅಂತ ನಾನು ಹೇಳಲ್ಲ. ಆದ್ರೆ ದಿನಬೆಳಗಾದ್ರೆ ಟ್ವಿಟ್ಟರಿನಲ್ಲಿ ಭಾಷೆ ವಿಷಯಕ್ಕೆ ಕಚ್ಚಾಡೋ ನಾವು, ಆರೇಳು ಗಂಟೆ ದೂರದಲ್ಲಿ ಇಂಥದ್ದೊಂದು ನಡೆದಿದೆ ಅಂತ ತಿಳ್ಕೊಳ್ಳದೆ ಬೀಚಿನಿಂದ ವಾಪಸ್ ಬರ್ತೀವಲ್ಲ, ನನ್ನ ಸಿಟ್ಟು ಅದಕ್ಕೆ.

ಗುಂಪಿನಲ್ಲಿ ನಿನ್ನೆ ವೋಟಿಂಗ್ ಆಯ್ತು. ಐದು ಬಾಲಿ, ಮೂರು ಜಾವಾ. ಎಕ್ಸೆಲ್ ಮಾಡಿದ್ದ ಗೆಳೆಯನೇ ಜಾವಾಕ್ಕೆ ಹಾಕಿದಾನೆ, ಬೆಳಿಗ್ಗೆ ಫೋನ್ ಮಾಡಿ ಸೆಮಾರ್ ಬಗ್ಗೆ ಕೇಳ್ತಿದ್ದ. ನಾವು ಮೂವರು ಜೂನ್‌ಗೆ ಟಿಕೆಟ್ ನೋಡ್ತಿದ್ದೀವಿ. ಉಳಿದ ಐವರ ಗುಂಪಿಗೆ ಹೊಸ ಹೆಸರು ಬಂದಿದೆ: ‘ಬಾಲಿ ಗ್ಯಾಂಗ್’.