ಒತ್ತಕ್ಷರಕ್ಕೆ ಜಾಗವಿಲ್ಲದ ಚೌಕ

ಆರ್.ಟಿ. ನಗರದಲ್ಲಿರುವ ನನ್ನ ಅಕ್ಕನಿಗೆ ಕಳೆದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ಅವರಿಗೆ ಮೊಬೈಲ್ ಫೋನನ್ನೂ ಕನ್ನಡದಲ್ಲಿಯೇ ಬಳಸಬೇಕೆಂಬ ಹಟ. ಚಿಕಿತ್ಸೆಯ ನಂತರ ಮಗ ಫೋನಿನ ಅಕ್ಷರಗಳ ಗಾತ್ರವನ್ನು ಹಿಗ್ಗಿಸಿಕೊಟ್ಟ. ಕೆಲವು ದಿನಗಳ ಬಳಿಕ ಮರುತಪಾಸಣೆಗೆಂದು ಒಂದು ಆಪ್ ಮೂಲಕ ಸಮಯ ಕೋರಿದಾಗ ಪರದೆಯ ಮೇಲೆ ಮೂಡಿದ ಉತ್ತರ ಇದು: ‘ನಿಮ್ಮ ಭೇಟಿಯ ಸಮಯ ನಿಗದಿಯಾಗಿ...’ ಮುಂದೆ ಮೂರು ಚುಕ್ಕೆ. ನಿಗದಿಯಾಗಿದೆ ಎಂದುಕೊಂಡ ಅಕ್ಕ ಮರುದಿನ ಬೆಳಿಗ್ಗೆಯೇ ಆಟೊ ಹಿಡಿದು ಹೋಗಿ, ಎರಡು ಗಂಟೆ ಬೆಂಚಿನ ಮೇಲೆ ಕಾದು, ಕೊನೆಗೆ ವಿಚಾರಿಸಿದಾಗ ತಿಳಿದದ್ದು, ಆ ವಾಕ್ಯ ಪೂರ್ತಿಯಾಗಿ ‘ನಿಗದಿಯಾಗಿಲ್ಲ’ ಎಂದಿತ್ತು.

ಸಂದೇಶ ಬರೆದವರು ಸುಳ್ಳು ಬರೆದಿರಲಿಲ್ಲ, ಅನುವಾದವೂ ತಪ್ಪಾಗಿರಲಿಲ್ಲ. ತಪ್ಪಿದ್ದುದು ಆ ವಾಕ್ಯವನ್ನು ಕೂರಿಸಿದ ಚೌಕದಲ್ಲಿ. ಅಕ್ಷರ ದೊಡ್ಡದಾದರೂ ಚೌಕ ದೊಡ್ಡದಾಗಲಿಲ್ಲ. ಹಿಡಿಸದೆ ಉಳಿದದ್ದನ್ನು ತಂತ್ರಾಂಶ ಕತ್ತರಿಸಿ ಚುಕ್ಕೆಯಿಟ್ಟಿತು. ಇಂಗ್ಲಿಷಿನಲ್ಲಿ ‘ನಾಟ್’ ಎಂಬುದು ಕ್ರಿಯಾಪದಕ್ಕೆ ಮೊದಲೇ ಬಂದುಬಿಡುವುದರಿಂದ ವಾಕ್ಯದ ಬಾಲ ಕತ್ತರಿಸಿದರೂ ನಿಷೇಧ ಉಳಿಯುತ್ತದೆ. ಕನ್ನಡದಲ್ಲಿ ‘ಇಲ್ಲ’ ಎಂಬುದು ಬಾಲದಲ್ಲಿಯೇ ಇರುತ್ತದೆ. ಹಣ ಪಾವತಿಯಾಗಿಲ್ಲ, ಅರ್ಜಿ ಸ್ವೀಕೃತವಾಗಿಲ್ಲ, ರೈಲು ಹೊರಟಿಲ್ಲ: ಇವುಗಳ ಕೊನೆಯನ್ನು ಕತ್ತರಿಸಿ ನೋಡಿ. ಉಳಿಯುವುದು ಅರ್ಧ ವಾಕ್ಯವಲ್ಲ, ತಿರುವುಮುರುವಾದ ವಾಕ್ಯ.

ಇದು ಅಡ್ಡಳತೆಯ ತೊಂದರೆಯಾಯಿತು. ಕನ್ನಡಕ್ಕೆ ಅದಕ್ಕಿಂತ ದೊಡ್ಡದು ಉದ್ದಳತೆಯದು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ತೂಗುತ್ತದೆ. ಪರದೆಯ ಮೇಲಿನ ಗುಂಡಿಯಲ್ಲಿ ಕೆಳಗೆ ಜಾಗವಿಲ್ಲದಿದ್ದರೆ ಮೊದಲು ಹೋಗುವುದು ಅದೇ. ಉತ್ತರ ಬೆಂಗಳೂರಿನ ಊರುಗಳನ್ನೇ ತೆಗೆದುಕೊಳ್ಳಿ. ಯಲಹಂಕಕ್ಕೂ ಯಶವಂತಪುರಕ್ಕೂ ಅಪಾಯವಿಲ್ಲ, ಅವುಗಳಲ್ಲಿ ಒತ್ತಿಲ್ಲ. ಆದರೆ ಹೆಬ್ಬಾಳ ‘ಹೆಬಾಳ’ವಾಗುತ್ತದೆ, ಜಕ್ಕೂರು ‘ಜಕೂರು’, ಕೊಡಿಗೇಹಳ್ಳಿ ‘ಕೊಡಿಗೇಹಳಿ’, ಮತ್ತಿಕೆರೆ ‘ಮತಿಕೆರೆ’. ವಿದ್ಯಾರಣ್ಯಪುರವಂತೂ ‘ವಿದಾರಣಪುರ’ವಾಗಿ ಯಾವುದೋ ಯುದ್ಧಭೂಮಿಯ ಹೆಸರಿನಂತೆ ಕೇಳಿಸುತ್ತದೆ. ಊರಿನ ಹೆಸರನ್ನು ಊಹಿಸಿ ಓದಿಕೊಳ್ಳಬಹುದು, ನಿಜ. ಆದರೆ ಒತ್ತು ಹೋದರೆ ಕತ್ತೆ ಕತೆಯಾಗುವ, ಬಳ್ಳಿ ಬಳಿಯಾಗುವ, ಹಳ್ಳಿ ಹಳಿಯಾಗುವ ಭಾಷೆ ನಮ್ಮದು. ಎಲ್ಲವನ್ನೂ ಊಹೆಗೆ ಬಿಡಲಾದೀತೇ?

ಈ ಕತ್ತರಿ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ಫೋನುಗಳ ಪರದೆಗಳು ಒಂದೇ ಅಳತೆಯವಲ್ಲ. ಒಂದರಲ್ಲಿ ಅಂಗುಲಕ್ಕೆ ಬೆಳಕಿನ ಚುಕ್ಕೆಗಳು ಕಡಿಮೆ, ಇನ್ನೊಂದರಲ್ಲಿ ಹಲವು ಪಟ್ಟು. ಆದ್ದರಿಂದ ಆಂಡ್ರಾಯ್ಡ್‌ನಲ್ಲಿ ಕೆಲಸ ಮಾಡುವ ತಂತ್ರಜ್ಞರು ಗುಂಡಿ, ಪಟ್ಟಿ, ಚಿತ್ರಗಳನ್ನು ‘ಡಿಪಿ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಂಗುಲಕ್ಕೆ 160 ಚುಕ್ಕೆಗಳಿರುವ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಚುಕ್ಕೆ. ಪರದೆ ದಟ್ಟವಾದಷ್ಟೂ ಚುಕ್ಕೆಗಳ ಸಂಖ್ಯೆ ತಾನಾಗಿ ಏರುತ್ತದೆ. ಅಕ್ಷರಗಳಿಗೆ ಮಾತ್ರ ‘ಎಸ್‌ಪಿ’ ಎಂಬ ಬೇರೊಂದು ಮಾನ. ಅದು ಪರದೆಯ ದಟ್ಟಣೆಯ ಜೊತೆಗೆ ಓದುಗನ ಇಚ್ಛೆಯನ್ನೂ ಗೌರವಿಸುತ್ತದೆ: ಓದುಗ ಅಕ್ಷರ ಹಿಗ್ಗಿಸಿದರೆ ಅದು ಹಿಗ್ಗುತ್ತದೆ. ವ್ಯವಸ್ಥೆ ಚೆನ್ನಾಗಿಯೇ ಇದೆ. ಎಡವಟ್ಟು ಹುಟ್ಟುವುದು ಚೌಕದ ಎತ್ತರವನ್ನು ಒಂದು ನಿಶ್ಚಿತ ಅಂಕಿಗೆ ಕಟ್ಟಿಹಾಕಿದಾಗ.

ಗುಂಡಿಯ ಎತ್ತರ 48 ಎಂದಿಟ್ಟುಕೊಳ್ಳೋಣ. ಮೇಲೂ ಕೆಳಗೂ 8ರಂತೆ ಅಂಚು ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 32. ಅಕ್ಷರದ ಗಾತ್ರ 16. ರೋಮನ್ ಲಿಪಿಯ ಒಂದು ಸಾಲಿಗೆ ಗಾತ್ರದ ಸುಮಾರು ಒಂದೂಕಾಲು ಪಟ್ಟು ಎತ್ತರ ಸಾಕು. ಒತ್ತು, ಗುಡಿಸುಗಳಿರುವ ಕನ್ನಡದ ಸಾಲಿಗೆ ಒಂದೂವರೆ ಪಟ್ಟಿನ ಆಸುಪಾಸು ಬೇಕು. ಅಂದರೆ ಅದಕ್ಕೆ 20, ಇದಕ್ಕೆ 24. ಎರಡೂ ಹಿಡಿಸುತ್ತವೆ. ತಯಾರಕರು ನೋಡುವುದು ಈ ಸ್ಥಿತಿಯನ್ನೇ. ‘ಸರಿಯಾಗಿದೆ’ ಎಂದು ಮುಂದೆ ಹೋಗುತ್ತಾರೆ. ಈಗ ಅಕ್ಕನಂಥವರು ಅಕ್ಷರವನ್ನು ಒಂದೂವರೆ ಪಟ್ಟು ಮಾಡಿಕೊಂಡರೆಂದುಕೊಳ್ಳಿ. ರೋಮನ್ ಸಾಲು 30 ಕೇಳುತ್ತದೆ, ಹಿಡಿಸುತ್ತದೆ. ಕನ್ನಡದ ಸಾಲು 36 ಕೇಳುತ್ತದೆ. ಆ 4ರ ಕೊರತೆ ಬೀಳುವುದು ಸಾಲಿನ ತಳಕ್ಕೆ, ಒತ್ತಿನ ಕೊರಳಿಗೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣದು.

ಪರಿಹಾರ ದೊಡ್ಡ ಸಂಶೋಧನೆಯಲ್ಲ. 48 ಎಂಬ ಅಂಕಿಯನ್ನು ‘ಕನಿಷ್ಠ ಎತ್ತರ’ ಎಂದು ಬರೆದು, ಒಳಗಿರುವ ಬರಹ ಬೆಳೆದಂತೆ ಚೌಕವೂ ಬೆಳೆಯಲಿ ಎಂದರೆ ಸಾಕು. ಜಾಲತಾಣವಾದರೆ ಎತ್ತರವನ್ನು ನಿಗದಿ ಮಾಡಿ ‘ಹೊರಚೆಲ್ಲಿದ್ದನ್ನು ಮರೆಮಾಡು’ ಎಂದು ಆಜ್ಞಾಪಿಸುವ ಸಾಲನ್ನು ತೆಗೆದರಾಯಿತು.

ದೊಡ್ಡ ಕಂಪನಿಗಳೂ ಈ ಪ್ರಶ್ನೆಗೆ ಬಹುಕಾಲ ಅಡ್ಡದಾರಿಯನ್ನೇ ಹಿಡಿದಿದ್ದವು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ರೋಮನ್ ಲಿಪಿಗೆಂದು ಹೊಲಿದ ಚೌಕಗಳು ಹರಿಯದಿರಲೆಂದು ಆಂಡ್ರಾಯ್ಡ್, ಕನ್ನಡವೂ ಸೇರಿದಂತೆ ಎತ್ತರದ ಲಿಪಿಗಳಿಗೆ ಮೇಲಿನಿಂದ ಕೆಳಕ್ಕೆ ಕುಗ್ಗಿಸಿದ ಅಕ್ಷರಶೈಲಿಯನ್ನು ಬಳಸುತ್ತ ಬಂತು. ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದುಕೊಂಡ ಹಾಗೆ. 2022ರ ಆಂಡ್ರಾಯ್ಡ್ 13ರಲ್ಲಿ ಸಾಲುಗಳು ಅಗತ್ಯಕ್ಕೆ ತಕ್ಕಂತೆ ಎತ್ತರಕ್ಕೆ ಹಿಗ್ಗುವ ಏರ್ಪಾಡಾಯಿತು. 2024ರ ಆಂಡ್ರಾಯ್ಡ್ 15ರಿಂದ, ಆ ಆವೃತ್ತಿಯನ್ನು ಗುರಿಯಾಗಿಟ್ಟುಕೊಂಡು ತಯಾರಾದ ಆಪ್‌ಗಳಲ್ಲಿ, ಕುಗ್ಗಿಸಿದ ಶೈಲಿಯ ಬದಲು ಪೂರ್ಣ ಎತ್ತರದ, ಓದಲು ಹಿತವಾದ ಶೈಲಿಯೇ ತಾನಾಗಿ ಬರುತ್ತದೆ. ಅರಬ್ಬಿ, ತಮಿಳು, ಮಲಯಾಳಂ, ತೆಲುಗು, ಥಾಯ್ ಮೊದಲಾದ ಲಿಪಿಗಳೊಂದಿಗೆ ಕನ್ನಡವನ್ನೂ ಹೆಸರಿಸಿ, ನಿಮ್ಮ ಆಪ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ ಎಂದು ತಯಾರಕರಿಗೆ ಸೂಚನೆಯೂ ಹೊರಟಿತು. ವಿಪರ್ಯಾಸವೆಂದರೆ, ಅಕ್ಷರ ಪೂರ್ಣಗೊಂಡ ಈ ಹೊತ್ತಿನಲ್ಲಿ ಚೌಕ ಹಳೆಯದೇ ಆಗಿದ್ದರೆ ಒತ್ತು ಕತ್ತರಿಸುವ ಸಂಭವ ಮೊದಲಿಗಿಂತ ಹೆಚ್ಚು.

ಯಂತ್ರಕ್ಕೆ ಅಕ್ಷರವನ್ನು ಒಗ್ಗಿಸಬೇಕೋ, ಅಕ್ಷರಕ್ಕೆ ಯಂತ್ರವನ್ನೋ ಎಂಬ ಚರ್ಚೆ ಹೊಸದೇನಲ್ಲ. ಕೇರಳ ಸರ್ಕಾರ ಬೆರಳಚ್ಚು ಯಂತ್ರದ ಅನುಕೂಲಕ್ಕಾಗಿ 1971ರಲ್ಲಿ ಮಲಯಾಳಂ ಲಿಪಿಯನ್ನು ಸರಳಗೊಳಿಸಿ ಹಲವು ಸಂಯುಕ್ತಾಕ್ಷರಗಳನ್ನು ಬಿಡಿಸಿ ಬರೆಸಿತು. ಮುಂದೆ ಗಣಕಯಂತ್ರ ಬಂದು ಆ ನಿರ್ಬಂಧವೇ ಇಲ್ಲವಾಯಿತು. 2022ರಲ್ಲಿ ಹಳೆಯ ರೂಪಗಳಲ್ಲಿ ಕೆಲವನ್ನು ಮರಳಿ ತರಲು ನಿರ್ಧರಿಸಿತು. ಕನ್ನಡ ಅಂಥ ಶಸ್ತ್ರಚಿಕಿತ್ಸೆಯಿಂದ ಪಾರಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ, ಬರಹ, ನುಡಿಗಳಂಥ ತಂತ್ರಾಂಶಗಳಿಂದ, ಬಳಿಕ ಯೂನಿಕೋಡ್‌ನಿಂದ ಟೈಪಿಸುವ ಸಮಸ್ಯೆ ಬಹುಪಾಲು ನೀಗಿತು. ಕನ್ನಡದ ಬದಲು ಖಾಲಿ ಡಬ್ಬಿಗಳು ಕಾಣುತ್ತಿದ್ದ ಕಾಲವೂ ಹೋಯಿತು. ‘ಜ್ಞಾ’ ಎಂದು ಟೈಪಿಸಿದರೆ ಜ, ಹಲಂತ, ಞ, ದೀರ್ಘ ಎಂಬ ನಾಲ್ಕು ಸಂಕೇತಗಳನ್ನು ಒಟ್ಟುಗೂಡಿಸಿ ಒಂದೇ ಆಕೃತಿಯಾಗಿ ಬಿಡಿಸುವ ಕೆಲಸವನ್ನು ಫೋನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. (ಅದು ಎಷ್ಟು ನಾಜೂಕಿನ ಕೆಲಸವೆಂಬುದು 2018ರ ಫೆಬ್ರುವರಿಯಲ್ಲಿ ಜಗತ್ತಿಗೇ ತಿಳಿಯಿತು. ತೆಲುಗಿನ ಇದೇ ‘ಜ್ಞಾ’ದ ಒಂದು ರೂಪ ಸಂದೇಶವಾಗಿ ಬಂದರೆ ಐಫೋನಿನ ಆಪ್‌ಗಳು ಕುಸಿದುಬೀಳುತ್ತಿದ್ದವು, ಆಪಲ್ ತರಾತುರಿಯಲ್ಲಿ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು.) ಇಷ್ಟೆಲ್ಲ ಸಾಧಿಸಿ, ಕಟ್ಟಕಡೆಗೆ ಬಿಡಿಸಿದ ಅಕ್ಷರವನ್ನು ಇಡುವ ಡಬ್ಬಿ ಸಾಲದೆಂದು ಕತ್ತರಿಸುತ್ತಿದ್ದೇವೆ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಎಂಟನೆಯ ಶತಮಾನದ ವೀರಗಲ್ಲೊಂದು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯನೆಂಬ ವೀರನ ನೆನಪಿನದು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲೆಂಬುದು ಅದರಿಂದ ತಿಳಿಯುತ್ತದೆ. ಕಲ್ಲಿನಲ್ಲಿ ಅಕ್ಷರ ಕೆತ್ತುವವನಿಗೆ ಅಳಿಸಿ ಬರೆಯುವ ಅವಕಾಶವಿಲ್ಲ. ಒತ್ತಿಗೆ ಎಷ್ಟು ಜಾಗ ಬೇಕೆಂದು ಮೊದಲೇ ಎಣಿಸಿಯೇ ಅವನು ಸಾಲು ಹಿಡಿಯಬೇಕು. ಅಂಗಡಿಯ ಹೆಸರು ಬರೆಯುವ ಕಲಾವಿದನೂ ದಾರ ಎಳೆದು ಗೆರೆ ಹಾಕುವಾಗ ಒತ್ತಿಗೆಂದು ಕೆಳಗೆ ಜಾಗ ಬಿಡುತ್ತಾನೆ. ಆ ವಿವೇಕಕ್ಕೆ ಎಂಜಿನಿಯರಿಂಗ್ ಪದವಿ ಬೇಕಿರಲಿಲ್ಲ, ಆ ಲಿಪಿಯನ್ನು ಓದುವ ಅಭ್ಯಾಸ ಸಾಕಿತ್ತು.

ಹೆಬ್ಬಾಳದಿಂದ ನಾಗವಾರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಹೋದರೆ ಮಾನ್ಯತಾ ಟೆಕ್ ಪಾರ್ಕ್ ಇದೆ. ಈ ಭಾಗದ ಕಚೇರಿಗಳಲ್ಲಿ ಪರದೆಗಳನ್ನು ವಿನ್ಯಾಸಗೊಳಿಸುವ, ಗುಂಡಿಗಳ ಎತ್ತರ ಬರೆಯುವ ಸಾವಿರಾರು ತರುಣ ತರುಣಿಯರಿದ್ದಾರೆ. ಅವರಲ್ಲಿ ಕನ್ನಡ ಬಲ್ಲವರೂ ಕಡಿಮೆಯಿಲ್ಲ. ಕೇಳಿದರೆ ಬರುವ ಉತ್ತರ, ‘ಕನ್ನಡದಲ್ಲಿ ಬಳಸುವವರು ಎಷ್ಟು ಮಂದಿ, ಸಾರ್?’ ಈ ವಾದಕ್ಕೆ ಕೊನೆಯಿಲ್ಲ. ಒತ್ತು ಕತ್ತರಿಸಿದ ಕನ್ನಡವನ್ನು ಎರಡು ದಿನ ನೋಡಿ ಬೇಸತ್ತವರು ಇಂಗ್ಲಿಷಿಗೆ ಹೊರಳುತ್ತಾರೆ. ಹೊರಳಿದವರ ಲೆಕ್ಕ ತೋರಿಸಿ ಕನ್ನಡಕ್ಕೆ ಬೇಡಿಕೆಯಿಲ್ಲವೆನ್ನುತ್ತಾರೆ. ಇಂಗ್ಲಿಷ್ ಬಾರದವರು ಎಲ್ಲಿಗೆ ಹೊರಳಬೇಕು? ಫೋನಿಗೆ ಮಾತನಾಡಿ ಕೆಲಸ ಮಾಡಿಸಿಕೊಳ್ಳಬಹುದೆಂದು ಸಮಾಧಾನ ಹೇಳುವವರೂ ಇದ್ದಾರೆ. ಆಸ್ಪತ್ರೆಯ ವಿಷಯವನ್ನು, ಬ್ಯಾಂಕಿನ ಬಾಕಿಯನ್ನು ಬಸ್ಸಿನಲ್ಲಿ ಕುಳಿತು ಗಟ್ಟಿಯಾಗಿ ಕೇಳಿಸಿಕೊಳ್ಳಲು ಯಾರು ಒಪ್ಪುತ್ತಾರೆ?

2023ರ ಡಿಸೆಂಬರ್‌ನಲ್ಲಿ ಇದೇ ಉತ್ತರ ಬೆಂಗಳೂರಿನ ಸಾದಹಳ್ಳಿ ಟೋಲ್ ಬಳಿಯಿಂದ ಆರಂಭವಾದ ನಾಮಫಲಕ ಹೋರಾಟವನ್ನು ಓದುಗರು ಮರೆತಿರಲಾರರು. ಫಲಕದ ಶೇಕಡ 60ರಷ್ಟು ಭಾಗ ಕನ್ನಡಕ್ಕಿರಬೇಕೆಂಬುದು 2024ರಲ್ಲಿ ಕಾಯ್ದೆಯ ತಿದ್ದುಪಡಿಯಾಗಿಯೇ ಬಂತು. ಅಂಗಡಿಯ ಹಲಗೆಯನ್ನು ಅಡಿಗೋಲು ಹಿಡಿದು ಅಳೆಯುವ ನಮಗೆ, ದಿನಕ್ಕೆ ನೂರು ಬಾರಿ ನೋಡುವ ಅಂಗೈಯಗಲದ ಹಲಗೆಯಲ್ಲಿ ಕನ್ನಡ ಪೂರ್ತಿ ಕಾಣುತ್ತದೆಯೇ ಎಂದು ಕೇಳುವ ವ್ಯವಧಾನವಿಲ್ಲ. ಹೋರಾಟವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಆದರೆ ಶೇಕಡಾವಾರು ಜಾಗ ಸಿಕ್ಕ ಮಾತ್ರಕ್ಕೆ ಅಕ್ಷರ ಓದಲು ಬರುತ್ತದೆ ಎಂದೇನಿಲ್ಲ.

ಅಂತರ್ಜಾಲದ ಸುಲಭ ಲಭ್ಯತೆಗೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೆಯ ಆವೃತ್ತಿಯಲ್ಲಿಯೇ, ಬರಹವನ್ನು ಇಮ್ಮಡಿ ಗಾತ್ರಕ್ಕೆ ಹಿಗ್ಗಿಸಿದರೂ ಯಾವ ಮಾಹಿತಿಯೂ ನಷ್ಟವಾಗಕೂಡದೆಂಬ ನಿಯಮವಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಇವೆರಡನ್ನೂ ಒಟ್ಟಿಗಿಟ್ಟು ರಾಜ್ಯ ಸರ್ಕಾರ ಒಂದು ಸಣ್ಣ ಕೆಲಸ ಮಾಡಬಹುದು. ಬಸ್ಸು, ಮೆಟ್ರೊ, ವಿದ್ಯುತ್ತು, ನೀರು, ಸೇವಾ ಸಿಂಧು, ಯಾವುದರ ತಂತ್ರಾಂಶವೇ ಇರಲಿ, ಗುತ್ತಿಗೆದಾರನಿಗೆ ಹಣ ಬಿಡುಗಡೆ ಮಾಡುವ ಮೊದಲು ಅಧಿಕಾರಿಯೊಬ್ಬರು ಫೋನಿನ ಭಾಷೆಯನ್ನು ಕನ್ನಡಕ್ಕೆ, ಅಕ್ಷರವನ್ನು ಇಮ್ಮಡಿಗೆ ಇಟ್ಟುಕೊಂಡು ಪ್ರತಿ ಪುಟವನ್ನೂ ತೆರೆದು ನೋಡಲಿ. ಹೆಬ್ಬಾಳ, ವಿದ್ಯಾರಣ್ಯಪುರ, ರಾಷ್ಟ್ರೀಯ ಹೆದ್ದಾರಿ, ಸ್ವಾತಂತ್ರ್ಯ ಎಂಬ ನಾಲ್ಕು ಪದಗಳನ್ನು ಟೈಪಿಸಲಿ. ‘ತ್ರ್ಯ’ದ ಎರಡು ಒತ್ತುಗಳೂ ಕಂಡರೆ ಸಹಿ ಹಾಕಲಿ. ಅರ್ಧ ದಿನದ ಕೆಲಸ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದನ್ನು ಟೆಂಡರ್ ಷರತ್ತಾಗಿಸುವಂತೆ ಇಲಾಖೆಗಳಿಗೆ ಬರೆದರೆ, ಖಾಸಗಿಯವರೂ ಕ್ರಮೇಣ ಅದೇ ದಾರಿಗೆ ಬರುತ್ತಾರೆಂಬುದು ನನ್ನ ಎಣಿಕೆ. ಏಕೆಂದರೆ ಎರಡೂ ಕಡೆಯ ಕೆಲಸ ಮಾಡುವ ಎಂಜಿನಿಯರುಗಳು ಬಹುಮಟ್ಟಿಗೆ ಅವರೇ.

ಅಕ್ಕನಿಗೆ ಮಾತ್ರ ಕಾಯುವ ತಾಳ್ಮೆ ಇದ್ದಂತಿಲ್ಲ. ಮೊನ್ನೆ ಹೋದಾಗ ನೋಡಿದರೆ ಫೋನಿನ ಅಕ್ಷರಗಳನ್ನು ಮತ್ತೆ ಚಿಕ್ಕದು ಮಾಡಿಸಿಕೊಂಡಿದ್ದಾರೆ. ಚಿಕ್ಕ ಅಕ್ಷರದಲ್ಲಿ ಒತ್ತು ಪೂರ್ತಿ ಇರುತ್ತದಂತೆ. ಅದನ್ನು ಓದಲು ಪಕ್ಕದಲ್ಲಿ, ಹಿಂದೆ ನಿಘಂಟು ನೋಡಲು ಇಟ್ಟುಕೊಳ್ಳುತ್ತಿದ್ದ ಭೂತಗನ್ನಡಿ ಇತ್ತು.