ಕೇಳಿಸುವುದೇ ಓದಿಸುವುದಲ್ಲ

ಮಗುವಿನ ಕೈಗೆ ಮೊಬೈಲ್ ಕೊಟ್ಟು ಕಥೆಯೊಂದನ್ನು ಹಾಕಿಬಿಟ್ಟರೆ ಓದು ತಾನಾಗಿಯೇ ಬರುತ್ತದೆಂಬ ಭ್ರಮೆಯೊಂದು ಸಮಾಜದಲ್ಲಿ ಬೇರೂರುತ್ತಿದೆ. ಆಳುವವರಿಗೂ ಇದು ಅನುಕೂಲಕರವಾದ ಭ್ರಮೆಯೇ. ಶಿಕ್ಷಕರನ್ನು ನೇಮಿಸುವುದಕ್ಕಿಂತ ಪರದೆಗಳನ್ನು ಉದ್ಘಾಟಿಸುವುದು ಸುಲಭವಲ್ಲವೇ?

ವಾಸ್ತವವೇನು? 2024ರ ಅಸರ್ ವರದಿಯ ಪ್ರಕಾರ, ಗ್ರಾಮೀಣ ಭಾರತದ ಸರಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮಕ್ಕಳು ಶೇ. 23.4 ಮಾತ್ರ. ಅದೇ ವರದಿ ಹೇಳುವಂತೆ, 14ರಿಂದ 16ರ ಹರೆಯದವರಲ್ಲಿ ಸುಮಾರು ಶೇ. 90 ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಅಂದರೆ ಉಪಕರಣ ಮನೆಗಳನ್ನು ತಲುಪಿದೆ, ಓದು ತಲುಪಿಲ್ಲ. ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬುದು 2021ರ ನಿಪುಣ್ ಭಾರತ್ ಯೋಜನೆಯ ಗುರಿ. ಗುರಿಯನ್ನು ಘೋಷಿಸುವುದರಿಂದ ನಾಲಿಗೆ ಹೊರಳುವುದಿಲ್ಲ.

ಹಾಗೆಂದು ತಂತ್ರಜ್ಞಾನವನ್ನೇ ಶಪಿಸುವುದೂ ವಿವೇಕವಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಉಚಿತವಾಗಿ ದೊರೆಯುತ್ತವೆ. ದನಿ ಸಾಗಿದಂತೆ ಪದಗಳು ಬೆಳಗುವ ಕಥೆಗಳೂ ಅಲ್ಲಿವೆ. ಮನೆಯಲ್ಲಿ ಬ್ಯಾರಿ, ತುಳು ಅಥವಾ ಉರ್ದು ಮಾತಾಡುವ ಮಗುವಿಗೆ ಗ್ರಾಂಥಿಕ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಓದು ಬಾರದ ಹೆತ್ತವರು ಅದನ್ನು ಎಲ್ಲಿಂದ ಕೇಳಿಸಿಯಾರು? ಅಂತಹ ಮನೆಗೆ ಈ ದನಿ ನಿಜಕ್ಕೂ ಒಂದು ಆಸರೆ.

ಆದರೆ ಆಸರೆಯೇ ನಡಿಗೆಯಲ್ಲ. ಕಥೆಯನ್ನು ಕೇಳಿದ ಮಗು ಕಥೆಯನ್ನು ಬಲ್ಲುದು, ಅಕ್ಷರವನ್ನಲ್ಲ. ಚಿತ್ರಗಳು ಕುಣಿಯುತ್ತಿದ್ದರೆ ಕಣ್ಣು ಅತ್ತಲೇ ಹೊರಳುತ್ತದೆ, ಒತ್ತಕ್ಷರ ಅಲ್ಲೇ ಉಳಿಯುತ್ತದೆ. ಹಿರಿಯರ ಮಾರ್ಗದರ್ಶನದಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಓದುವುದರಿಂದ ಓದು ಸರಾಗವಾಗುತ್ತದೆಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲೇ ಹೇಳಿತ್ತು. ಆದ್ದರಿಂದ ಮೊದಲು ಪದಗಳ ಮೇಲೆ ಬೆರಳಿಟ್ಟು ಕೇಳಲಿ, ಬಳಿಕ ದನಿಯೊಂದಿಗೆ ತಾನೂ ಓದಲಿ, ಕೊನೆಗೆ ದನಿಯನ್ನು ನಿಲ್ಲಿಸಿ ಒಂಟಿಯಾಗಿ ಓದಲಿ. ತಡವರಿಸಿದಲ್ಲಿ ತಿದ್ದಲು ಮತ್ತು ಓದಿದ್ದರ ಅರ್ಥವನ್ನು ಕೇಳಲು ಪಕ್ಕದಲ್ಲೊಬ್ಬರು ಕುಳಿತಿರಲಿ. ಓದು ಬಲ್ಲ ಅಕ್ಕನೋ ಅಣ್ಣನೋ ದಿನಕ್ಕೆ ಹದಿನೈದು ನಿಮಿಷ ಕುಳಿತರೂ ಸಾಕು.

ಶಾಲೆಯಲ್ಲಿ ಹಾಗೆ ಕುಳಿತುಕೊಳ್ಳಬೇಕಾದವರು ಶಿಕ್ಷಕರು. ಅವರ ಹುದ್ದೆಯನ್ನು ಖಾಲಿಯಿಟ್ಟು ಗೋಡೆಗೆ ಪರದೆ ತೂಗಿಸುವವರನ್ನು ಪ್ರಶ್ನಿಸಬೇಕಾದವರು ನಾವು. ಉಳ್ಳವರ ಮಕ್ಕಳಿಗೆ ಮನುಷ್ಯರು, ಬಡವರ ಮಕ್ಕಳಿಗೆ ಯಂತ್ರ ಎಂಬ ಈ ಹಂಚಿಕೆ ಯಾವ ನ್ಯಾಯ?